ಕಾವೇರಿಯ ಬಿಳಿಮೀನು ಮತ್ತು ಗಾಳದವರ ಲೆಕ್ಕ

ಗಾಳ ಹಾಕುವುದು ಹೊಟ್ಟೆಪಾಡಿನ ಕಸುಬಾಗಿರುವಂತೆ ಅರಸರ ವಿನೋದವೂ ಆಗಿತ್ತೆಂಬುದು ಕನ್ನಡನಾಡಿಗೆ ಹೊಸ ಮಾತಲ್ಲ. 12ನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ತನ್ನ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದದ ಪ್ರಕರಣವನ್ನೇ ರಚಿಸಿ, ಮೀನುಗಳ ಜಾತಿಭೇದವನ್ನೂ ಅವಕ್ಕೆ ಹಾಕತಕ್ಕ ಮೇವನ್ನೂ ವಿವರಿಸಿದ್ದಾನೆ. ಹಿಡಿಯುವ ಮಾತಿನೊಡನೆಯೇ ಉಣಿಸುವ ಮಾತನ್ನೂ, ಜಾತಿಯ ವಿವೇಚನೆಯನ್ನೂ ಸೇರಿಸಿದ ಆ ಕ್ರಮವು ಮುಂದಿನ ಕಥೆಗೆ ಒಳ್ಳೆಯ ಪೀಠಿಕೆಯಾಗಿದೆ.

ಆಂಗ್ಲರ ಆಳ್ವಿಕೆಯಲ್ಲಿ ಈ ವಿನೋದವು ಹೊಸ ವೇಷದಿಂದ ಬಂದಿತು. ದಕ್ಷಿಣ ಕನ್ನಡದಲ್ಲಿ ಕಲೆಕ್ಟರನಾಗಿದ್ದ ಹೆನ್ರಿ ಸಲಿವನ್ ಥಾಮಸನು 1873ರಲ್ಲಿ ‘ದಿ ರಾಡ್ ಇನ್ ಇಂಡಿಯಾ’ ಎಂಬ ಗ್ರಂಥವನ್ನು ಪ್ರಕಟಿಸಿ, ನಮ್ಮವರು ಬಿಳಿಮೀನೆಂದು ಕರೆಯುವ ಮಹಸೀರಿನ ಬಲವನ್ನು ಕೊಂಡಾಡಿದನು. ಹೊಳೆಗೆ ಸಿಡಿಮದ್ದನ್ನೂ ವಿಷವನ್ನೂ ಹಾಕುವುದನ್ನು 1897ರ ಮೀನುಗಾರಿಕೆಯ ಕಾಯಿದೆ ನಿಷೇಧಿಸಿತು. ಮೈಸೂರಿನ ವಾನ್ ಇಂಗೆನ್ ಮನೆತನದವರೊಬ್ಬರು 1946ರಲ್ಲಿ ಗಾಳದಿಂದ ಎತ್ತಿದ ಮೀನು 120 ಪೌಂಡು, ಎಂದರೆ ಸುಮಾರು 54 ಕಿಲೋ ತೂಗಿತು.

ಕಾಯಿದೆಯಿದ್ದರೂ ಮದ್ದು ನಿಲ್ಲಲಿಲ್ಲ. ಮೀನು ವಿರಳವಾಗುತ್ತ ಬಂದಿತು. ಇಂತಹ ಕಾಲದಲ್ಲಿ, 1972ರಲ್ಲಿ ಹುಟ್ಟಿದ ದಕ್ಷಿಣ ಭಾರತ ವನ್ಯಜೀವಿ ಸಂಘವು ಕಾವೇರಿಯ ಒಂದು ಭಾಗವನ್ನು ಗುತ್ತಿಗೆ ಹಿಡಿದು ಕಾವಲು ಹಾಕಿತು. ಮುಂದೆ ಭೀಮೇಶ್ವರಿ, ಗಾಲಿಬೋರೆ, ದೊಡ್ಡಮಾಕಳಿಗಳಲ್ಲಿ ಬಿಡಾರಗಳೆದ್ದವು. ಹಿಂದೆ ಕದ್ದು ಮೀನು ಹಿಡಿಯುತ್ತಿದ್ದ ಹಳ್ಳಿಗರಲ್ಲಿ ಕೆಲವರೇ ಅತಿಥಿಗಳಿಗೆ ಮಡು ತೋರಿಸುವವರೂ, ಗಾಳದ ಮುಳ್ಳಿಗೆ ರಾಗಿಮುದ್ದೆಯ ಉಂಡೆ ಕಟ್ಟುವವರೂ ಆದರು. ಹಿಡಿದ ಮೀನನ್ನು ತೂಗಿ, ಪುಸ್ತಕದಲ್ಲಿ ಬರೆದು, ಜೀವಸಹಿತ ಮರಳಿ ನೀರಿಗೆ ಬಿಡುವುದೇ ನಿಯಮವಾಯಿತು. ಇದಲ್ಲದೆ ಲೋಣಾವಳದ ಮರಿಕೇಂದ್ರದ ಮಹಸೀರ್ ಮರಿಗಳನ್ನು ತಂದು ಹೊಳೆಯಲ್ಲಿ ಬಿಟ್ಟು, ಕೊರತೆಯನ್ನು ತುಂಬುವ ಯತ್ನವೂ ನಡೆಯಿತು.

ಅನರ್ಥದ ಬೀಜವಿದ್ದುದು ಈ ಸದುದ್ದೇಶದಲ್ಲಿಯೇ. ಮರಿಕೇಂದ್ರದ ಮೀನು ನೀಲಿ ಈಜುರೆಕ್ಕೆಯದು, ಕಾವೇರಿಗೆ ಹೊರಗಿನದು. ಕಾವೇರಿಯದೇ ಆದ ದೈತ್ಯವು ಕಿತ್ತಳೆ ಬಣ್ಣದ ಈಜುರೆಕ್ಕೆಯ, ಗೂನುಬೆನ್ನಿನ ಬೇರೊಂದು ಜಾತಿ. ಗಾಲಿಬೋರೆಯ ಬಿಡಾರದಲ್ಲಿ 1998ರಿಂದ 2012ರವರೆಗೆ ಬರೆದಿಟ್ಟ ಲೆಕ್ಕವನ್ನು ವಿಜ್ಞಾನಿಗಳು ಪರಿಶೀಲಿಸಿದಾಗ, ಸಿಕ್ಕ ಮೀನುಗಳ ಸಂಖ್ಯೆ ಏರುತ್ತಲೇ ಬಂದುದೂ, ಸರಾಸರಿ ತೂಕ ಇಳಿದುದೂ, ಗೂನುಬೆನ್ನಿನ ಎಳೆಮೀನುಗಳು ಹೆಚ್ಚುಕಡಿಮೆ ಕಾಣದಂತಾದುದೂ ಒಟ್ಟಿಗೇ ಹೊರಬಿದ್ದಿತು. ಮೊತ್ತವನ್ನು ಕಂಡು ಹೊಳೆ ಚೇತರಿಸಿತೆಂದು ಹಿಗ್ಗಿದವರಿಗೆ, ಹೊಳೆಯ ಸ್ವಂತ ಸಂತಾನ ಅಳಿಯುತ್ತಿದ್ದುದು ತಿಳಿಯದೆ ಹೋಗಿತ್ತು. ಶತಮಾನಕ್ಕೂ ಮಿಕ್ಕಿ ಲೋಕಪ್ರಸಿದ್ಧವಾಗಿದ್ದ ಈ ಮೀನು ‘ಟೋರ್ ರೇಮಾದೇವಿ’ ಎಂಬ ಜಾತಿಯದೆಂದು ನಿರ್ಧಾರವಾದುದು 2018ರಲ್ಲಿ. ತೀವ್ರವಾಗಿ ಅಳಿವಿನಂಚಿನಲ್ಲಿರುವ ಜೀವಿಗಳ ಪಟ್ಟಿಗೆ ಅದು ಸೇರಿದುದೂ ಆ ವರ್ಷದಲ್ಲಿಯೇ.

ಅಷ್ಟರಲ್ಲಿ ಈ ಬಿಡಾರಗಳಿದ್ದ ಅಭಯಾರಣ್ಯದೊಳಗೆ ಗಾಳವನ್ನು ನಿಷೇಧಿಸಲಾಗಿತ್ತು. ಗಾಳದೊಡನೆ ಪುಸ್ತಕವೂ ಮುಚ್ಚಿತು. ಗಾಳದವರನ್ನು ಹಳಿಯುವುದು ಸುಲಭ. ಆದರೆ ಮೀನಿನ ಅವನತಿಗೆ ಸಾಕ್ಷ್ಯವಾಗಿ ನಿಂತದ್ದು ಅವರು ಬರೆದಿಟ್ಟ ಲೆಕ್ಕವೇ ಎಂಬುದನ್ನು ಮರೆಯಬಾರದು. ಅವರ ದೋಷ ಲೆಕ್ಕವಿಡದುದಲ್ಲ, ಎರಡು ಜಾತಿಗಳನ್ನು ಒಂದೇ ಮೊತ್ತಕ್ಕೆ ಕೂಡಿಸಿ ಓದಿದುದು. ಮೀನು ಕಡಿಮೆಯಾದ ಹೊಳೆಗೆ ಮರಿ ಬಿಡಹೊರಡುವವರು, ಕಡಿಮೆಯಾದ ಮೀನು ಯಾವುದೆಂಬುದನ್ನು ಮೊದಲು ಕೇಳಬೇಕು.