ಗಾಯ ಮಾಯಿಸುವ ಸಸ್ಯೌಷಧಗಳ ಪರೀಕ್ಷೆ

ಗಾಯಕ್ಕೆ ಹಚ್ಚುವ ಸೊಪ್ಪು, ಬೇರು, ತೊಗಟೆಗಳು ನಿಜಕ್ಕೂ ಅದನ್ನು ಮಾಯಿಸುತ್ತವೆಯೇ, ಮಾಯಿಸಿದರೆ ಹೇಗೆ, ಅವುಗಳಿಂದ ಅಪಾಯವಿಲ್ಲವೇ ಎಂಬುದನ್ನು ಪ್ರಯೋಗಾಲಯದಲ್ಲಿಯೂ ಪ್ರಾಣಿಗಳಲ್ಲಿಯೂ ಕೊನೆಗೆ ರೋಗಿಗಳಲ್ಲಿಯೂ ಒರೆಹಚ್ಚಿ ನೋಡುವ ಕ್ರಮ. ಸುಶ್ರುತಸಂಹಿತೆಯು ವ್ರಣಕ್ಕೆ 60 ಉಪಕ್ರಮಗಳನ್ನು ಹೇಳುತ್ತದೆ. ಆದರೆ ಜನಬಳಕೆಯದೆಲ್ಲ ಪ್ರಾಚೀನವೇ ಆಗಿರಬೇಕಿಲ್ಲ. ಹೊಲದ ಬದುಗಳಲ್ಲಿ ಬೆಳೆಯುವ, ಕೊಯ್ದ ಗಾಯಕ್ಕೆ ರಸ ಹಿಂಡುವ ಗಬ್ಬುಶಾವಂತಿಯು ಅಮೆರಿಕದ ಉಷ್ಣವಲಯದಿಂದ ಬಂದ ಕಳೆ.

ಆರೋಗ್ಯವಂತರ ಸಣ್ಣ ಗಾಯವು ಏನನ್ನೂ ಹಚ್ಚದಿದ್ದರೂ ವಾಸಿಯಾಗುವುದರಿಂದ ‘ಹಚ್ಚಿದೆವು, ಗುಣವಾಯಿತು’ ಎಂಬ ಅನುಭವವು ಪುರಾವೆಯಾಗುವುದಿಲ್ಲ. ರಕ್ತ ಹೆಪ್ಪುಗಟ್ಟುವುದು, ಉರಿಯೂತ, ಹೊಸ ಅಂಗಾಂಶ ತುಂಬಿಕೊಳ್ಳುವುದು, ಆ ಅಂಗಾಂಶ ಬಲಿತು ಕಲೆಯಾಗುವುದು ಎಂಬ ನಾಲ್ಕು ಹಂತಗಳಲ್ಲಿ ಮೂಲಿಕೆಯು ಯಾವುದರ ಮೇಲೆ ಕೆಲಸ ಮಾಡುತ್ತದೆಂಬುದನ್ನು ಬಿಡಿಸಿ ನೋಡಬೇಕಾಗುತ್ತದೆ.

ಮೊದಲು ಗಿಡವನ್ನು ಸಸ್ಯಶಾಸ್ತ್ರಜ್ಞರಿಂದ ಗುರುತಿಸಿ, ಅದರ ಒಣ ಮಾದರಿಯನ್ನು ಸಂಗ್ರಹಾಲಯದಲ್ಲಿಟ್ಟು, ನೀರು ಅಥವಾ ಎಥನಾಲ್‌ನಲ್ಲಿ ಸಾರ ತೆಗೆಯುತ್ತಾರೆ. ಚರ್ಮದ ಕೋಶಗಳನ್ನು ತಟ್ಟೆಯಲ್ಲಿ ಒಂದೇ ಪದರವಾಗಿ ಬೆಳೆಸಿ, ಪಿಪೆಟ್ಟಿನ ತುದಿಯಿಂದ ಒಂದು ಗೀರು ಎಳೆದು, ಸಾರ ಬೆರೆಸಿದಾಗ ಎರಡೂ ದಡದ ಕೋಶಗಳು ಆ ಗೀರನ್ನು ಎಷ್ಟು ಬೇಗ ಮುಚ್ಚುತ್ತವೆಂದು ಸೂಕ್ಷ್ಮದರ್ಶಕದಲ್ಲಿ ಅಳೆಯುವುದು ಸರಳವಾದ ಪರೀಕ್ಷೆ. ಅಗರ್ ತಟ್ಟೆಯಲ್ಲಿ ಬ್ಯಾಕ್ಟೀರಿಯಾ ಬೆಳೆಯದಂತೆ ತಡೆಯುವ ವಲಯದ ಅಳತೆಯನ್ನೇ ಗಾಯ ಮಾಯಿಸುವ ಶಕ್ತಿಯೆಂದು ಬರೆಯುವ ವರದಿಗಳೂ ಇವೆ. ಸೂಕ್ಷ್ಮಾಣುಗಳನ್ನು ಕೊಲ್ಲುವ ವಸ್ತುವು ಹೊಸ ಕೋಶಗಳನ್ನೂ ಕೊಲ್ಲಬಹುದಾದ್ದರಿಂದ ಇದು ದುರ್ಬಲವಾದ ವಾದ.

ಪ್ರಾಣಿಪ್ರಯೋಗಗಳಲ್ಲಿ, ನೈತಿಕ ಸಮಿತಿಯ ಒಪ್ಪಿಗೆ ಪಡೆದು, ಅರಿವಳಿಕೆ ಕೊಟ್ಟ ಇಲಿಯ ಬೆನ್ನಿನ ಚರ್ಮದ ಒಂದು ತುಂಡನ್ನು ತೆಗೆದು ಗಾಯದ ಅಂಚನ್ನು ಪಾರದರ್ಶಕ ಹಾಳೆಯ ಮೇಲೆ ನಿಯತವಾಗಿ ನಕಲಿಸಿಕೊಳ್ಳುತ್ತಾರೆ. ಹಕ್ಕಳೆಯು ಹಸಿಗಾಯ ಉಳಿಯದಂತೆ ಉದುರುವ ದಿನವನ್ನು ಮೇಲ್ಚರ್ಮ ಮುಚ್ಚಿದ ದಿನವೆಂದು ಎಣಿಸುತ್ತಾರೆ. ಸೀಳಿ ಹೊಲಿದ ಗಾಯದಲ್ಲಾದರೆ ಅದನ್ನು ಮತ್ತೆ ಬಿರಿಸಲು ಬೇಕಾದ ಎಳೆತವನ್ನೂ, ಅಂಗಾಂಶದಲ್ಲಿ ಕೊಲಾಜೆನ್ ಎಷ್ಟಿದೆಯೆಂಬುದನ್ನು ತೋರಿಸುವ ಹೈಡ್ರಾಕ್ಸಿಪ್ರೋಲಿನ್ ಪ್ರಮಾಣವನ್ನೂ ಅಳೆಯುತ್ತಾರೆ. ಒಂದು ಗುಂಪಿಗೆ ಮೂಲಿಕೆಯಿಲ್ಲದ ಬರಿಯ ಮುಲಾಮನ್ನು ಹಚ್ಚದಿದ್ದರೆ ಗುಣ ಬಂದದ್ದು ಗಿಡದಿಂದಲೋ ಗಾಯವನ್ನು ತೇವವಾಗಿಟ್ಟ ಜಿಡ್ಡಿನಿಂದಲೋ ತಿಳಿಯದು. ಮಣಿಪಾಲದ ಸಂಶೋಧಕರು 1991ರಲ್ಲಿ ಪ್ರಕಟಿಸಿದ ಅಧ್ಯಯನವು ಗಬ್ಬುಶಾವಂತಿಯ ಸಾರವು ಇಲಿಗಳ ಹೊಸ ಅಂಗಾಂಶದಲ್ಲಿ, ಕೊಲಾಜೆನ್ ಎಳೆಗಳನ್ನು ಪರಸ್ಪರ ಬೆಸೆಯುವ ಲೈಸೈಲ್ ಆಕ್ಸಿಡೇಸ್ ಕಿಣ್ವದ ಚಟುವಟಿಕೆಯನ್ನು ಹೆಚ್ಚಿಸಿತೆಂದು ತೋರಿಸಿತು. ಆದರೂ ಇಲಿಯ ಚರ್ಮದಡಿಯ ತೆಳುವಾದ ಸ್ನಾಯುಪದರವು ಗಾಯವನ್ನು ಎಳೆದು ಕುಗ್ಗಿಸಿ ಮುಚ್ಚುತ್ತದೆ, ಮನುಷ್ಯನ ಗಾಯವಾದರೋ ಬಹುಮಟ್ಟಿಗೆ ಹೊಸ ಅಂಗಾಂಶ ತುಂಬಿ, ಮೇಲ್ಚರ್ಮ ಹರಡಿ ಮುಚ್ಚುತ್ತದೆ. ಇಲಿಗಳ ಫಲಿತಾಂಶವನ್ನು ಮನುಷ್ಯರಿಗೆ ಅನ್ವಯಿಸುವಾಗ ಎಡವಲು ಇದೇ ಒಂದು ಕಾರಣ.

1995ರಲ್ಲಿ ಅಮೆರಿಕವು ಅರಿಸಿನದಿಂದ ಗಾಯ ಮಾಯಿಸುವ ವಿಧಾನಕ್ಕೆ ಕೊಟ್ಟ ಪೇಟೆಂಟು ಭಾರತದ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿಯ ಆಕ್ಷೇಪದ ಮೇರೆಗೆ 1997ರಲ್ಲಿ ರದ್ದಾಯಿತಾದರೂ, ಅದರಿಂದ ಸಿದ್ಧವಾದದ್ದು ಬಳಕೆ ಹಳೆಯದೆಂಬುದೇ ಹೊರತು ಅದರ ಪರಿಣಾಮವಲ್ಲ. ಅದಕ್ಕೆ ರೋಗಿಗಳನ್ನು ಯಾದೃಚ್ಛಿಕವಾಗಿ ಗುಂಪುಗಳಾಗಿ ಹಂಚಿ, ಯಾರಿಗೆ ಯಾವ ಮುಲಾಮೆಂಬುದನ್ನು ಮರೆಮಾಡಿ ನಡೆಸುವ ಪರೀಕ್ಷೆ ಬೇಕು. ಬಣ್ಣದಿಂದಲೇ ಗುಟ್ಟು ಬಿಟ್ಟುಕೊಡುವ ಅರಿಸಿನಕ್ಕೆ ಇದು ಕಷ್ಟ. 1991ರಲ್ಲಿ ಪ್ರಕಟವಾದ ಒಂದು ಚಿಕ್ಕ ಪರೀಕ್ಷೆಯಲ್ಲಿ, ಹೊಟ್ಟೆಯ ಶಸ್ತ್ರಕ್ರಿಯೆಯ ನಂತರ ತೆರೆದುಕೊಂಡ ಗಾಯಗಳು ಸಾಮಾನ್ಯ ಆರೈಕೆಯಲ್ಲಿ ಸರಾಸರಿ 53 ದಿನಗಳಲ್ಲಿ ಮಾಯ್ದರೆ, ಲೋಳೆಸರದ ಜೆಲ್ ಹಚ್ಚಿದಾಗ 83 ದಿನ ಹಿಡಿದವು. ಇನ್ನೊಂದು ಬದಿಯಲ್ಲಿ, ಬರ್ಚ್ ಮರದ ತೊಗಟೆಯ ಟ್ರೈಟರ್ಪೀನುಗಳಿಂದ ಮಾಡಿದ ಜೆಲ್ಲನ್ನು, ಚರ್ಮವು ಸಣ್ಣ ಉಜ್ಜಿಗೂ ಬೊಬ್ಬೆಯೇಳುವ ಎಪಿಡರ್ಮೊಲೈಸಿಸ್ ಬುಲೋಸಾ ಎಂಬ ಆನುವಂಶಿಕ ರೋಗವುಳ್ಳ 223 ಮಂದಿಯಲ್ಲಿ ಪರೀಕ್ಷಿಸಿದಾಗ, 45 ದಿನಗಳೊಳಗೆ ಆಯ್ದ ಗಾಯ ಪೂರ್ತಿ ಮುಚ್ಚಿದವರು ಶೇ. 41.3, ಬರಿಯ ಜೆಲ್ ಹಚ್ಚಿಸಿಕೊಂಡವರಲ್ಲಿ ಶೇ. 28.9. ಈ ಔಷಧಿಗೆ ಯುರೋಪಿನಲ್ಲಿ 2022ರಲ್ಲಿ, ಅಮೆರಿಕದಲ್ಲಿ 2023ರಲ್ಲಿ ಅನುಮತಿ ದೊರೆಯಿತು.