ಹಬೇರೆ: ಒಡೆತನದ ಕ್ರಿಯಾಪದ ಭವಿಷ್ಯತ್ ಪ್ರತ್ಯಯವಾದ ಬಗೆ

ಲ್ಯಾಟಿನ್ನಿನಿಂದ ಕವಲೊಡೆದ ಭಾಷೆಗಳಲ್ಲಿ ಯಾವುದೂ ಲ್ಯಾಟಿನ್ನಿನ ಭವಿಷ್ಯತ್ಕಾಲದ ರೂಪಗಳನ್ನು ಹಾಗೆಯೇ ಉಳಿಸಿಕೊಂಡಿಲ್ಲ. ‘ಹಾಡುವೆನು’ ಎನ್ನಲು ಲ್ಯಾಟಿನ್ನಿನಲ್ಲಿದ್ದ ಪದ ‘ಕಂತಾಬೊ’. ಸ್ಪ್ಯಾನಿಷ್‌ನ ‘ಕಂತರೇ’, ಇಟಾಲಿಯನ್ನಿನ ‘ಕಂತೆರೊ’, ಫ್ರೆಂಚಿನ ‘ಶಾಂತ್ರೆ’ ಅದರಿಂದ ಬಂದವಲ್ಲ. ‘ಕಂತಾರೆ ಹಬೆಒ’ ಎಂಬ ಜೋಡಿಪದದಿಂದ ಹುಟ್ಟಿದವು. ‘ಕಂತಾರೆ’ ಎಂದರೆ ಹಾಡುವುದು. ‘ಹಬೆಒ’ದ ಮೂಲರೂಪ ‘ಹಬೇರೆ’ ಎಂದರೆ ತನ್ನಲ್ಲಿ ಹೊಂದಿರುವುದು. ಒಡೆತನ ಸೂಚಿಸುತ್ತಿದ್ದ ಈ ಕ್ರಿಯಾಪದ ಕಾಲಸೂಚಕ ಪ್ರತ್ಯಯವಾದದ್ದು ಹೇಗೆ?

ಸಾಮಾನ್ಯವಾಗಿ ಕೊಡುವ ಉತ್ತರ ಧ್ವನಿವ್ಯತ್ಯಾಸದ್ದು. ಸ್ವರಗಳ ನಡುವಿನ ಬಕಾರವೂ ವಕಾರವೂ ಒಂದಾದಾಗ ‘ಕಂತಾಬಿತ್’ (ಹಾಡುವನು), ‘ಕಂತಾವಿತ್’ (ಹಾಡಿದನು) ಎಂಬ ರೂಪಗಳ ಭೇದ ಅಳಿಯಿತು. ಇದು ನಿಜ, ಆದರೆ ಸಾಲದು. ಉತ್ತಮಪುರುಷದ ‘ಕಂತಾಬೊ’ವಿಗೆ ಇಂಥ ಗೊಂದಲವಿರಲಿಲ್ಲ, ಅದೂ ಉಳಿಯಲಿಲ್ಲ.

ಹೊಸ ರೂಪಕ್ಕೆ ದಾರಿ ತೆರೆದದ್ದು ಅರ್ಥ. ‘ಕಂತಾರೆ ಹಬೆಒ’ ಮೊದಲು ‘ನನಗೆ ಹಾಡುವುದಿದೆ’ ಎಂಬ ಹೊಣೆಯನ್ನು ಹೇಳುತ್ತಿತ್ತು. ಮಾಡಲೇಬೇಕಾದದ್ದು ಮುಂದೆ ಆಗತಕ್ಕದ್ದೂ ಹೌದು. ತೆರ್ತುಲಿಯನ್ ಮೊದಲಾದ ಕ್ರೈಸ್ತ ಲೇಖಕರು ದೈವಸಂಕಲ್ಪದಂತೆ ನಡೆಯಲಿರುವುದನ್ನು ಹೇಳಲು ಈ ರಚನೆಯನ್ನು ಬಳಸಿದರು. ಅಲ್ಲಿ ಹೊಣೆಯ ಛಾಯೆ ಭವಿಷ್ಯಕ್ಕೆ ಜಾರಿತು.

ಎರಡು ಪದಗಳು ಒಂದಾದ ಬೆಸುಗೆಯ ಸಾಕ್ಷ್ಯಗಳೂ ಸ್ಪಷ್ಟವಾಗಿವೆ. ಫ್ರೆಡೆಗಾರನ ಹೆಸರಿನಲ್ಲಿರುವ 7ನೆಯ ಶತಮಾನದ ವೃತ್ತಾಂತದಲ್ಲಿ ‘ದರಾಸ್’ (ಕೊಡುವೆ) ಎಂಬ ಒಂದೇ ಪದ ಸಿಗುತ್ತದೆ. 842ರ ಸ್ಟ್ರಾಸ್‌ಬರ್ಗ್ ಪ್ರತಿಜ್ಞೆಗಳಲ್ಲಿ ‘ಸಲ್ವರಾಯ್’ (ಕಾಪಾಡುವೆನು) ಎಂಬ ರೂಪವಿದೆ. ವ್ಯಾಕರಣಕಾರ ನೆಬ್ರಿಹ 1492ರ ತನ್ನ ಕ್ಯಾಸ್ಟಿಲಿಯನ್ ವ್ಯಾಕರಣದಲ್ಲೇ ಈ ಜೋಡಣೆಯನ್ನು ಗುರುತಿಸಿದ್ದ. ಪೋರ್ಚುಗೀಸಿನ ಬರಹಭಾಷೆಯಲ್ಲಿ ಬೆಸುಗೆ ಇಂದಿಗೂ ಬಿಡಿಸಿಕೊಳ್ಳುತ್ತದೆ: ‘ದಾರ್-ತೆ-ಎಯ್’ (ನಿನಗೆ ಕೊಡುವೆನು) ಎಂಬಲ್ಲಿ ಸರ್ವನಾಮವು ಧಾತುವಿಗೂ ಪ್ರತ್ಯಯಕ್ಕೂ ನಡುವೆ ನಿಲ್ಲುತ್ತದೆ. ಮೂಲದಲ್ಲಿ ಎರಡು ಪದಗಳಿದ್ದವೆನ್ನಲು ಇದಕ್ಕಿಂತ ಬಲವಾದ ಆಧಾರ ಬೇಕಿಲ್ಲ.

ಈ ಬೆಸುಗೆ ಎಲ್ಲೆಡೆಯೂ ಆಗಲಿಲ್ಲ. ಸಾರ್ಡಿನಿಯನ್ ‘ಅಪೊ ಅ ಕಂತಾರೆ’ ಎಂದು ಸಹಾಯಕ ಕ್ರಿಯಾಪದವನ್ನು ಮುಂದಿಟ್ಟು ಬಿಡಿಯಾಗಿಯೇ ಉಳಿಸಿಕೊಂಡಿದೆ. ರೊಮೇನಿಯನ್ನಿನ ‘ವೊಯ್ ಕಿಂತಾ’ ಇಚ್ಛಾರ್ಥದ ಕ್ರಿಯಾಪದವನ್ನು ಆಶ್ರಯಿಸಿದೆ. ಹೊಣೆ, ಇಚ್ಛೆ ಎರಡೂ ಭವಿಷ್ಯಕ್ಕೆ ಒಯ್ಯಬಲ್ಲವು. ಯಾವುದನ್ನು ಹಿಡಿಯಬೇಕೆಂಬುದನ್ನು ಧ್ವನಿನಿಯಮ ಹೇಳಲಾರದು.

ಕಳೆದುಹೋದದ್ದನ್ನು ತುಂಬುವುದಷ್ಟೇ ‘ಹಬೇರೆ’ಯ ಕೆಲಸವಾಗಿದ್ದರೆ ಬದಲಾವಣೆ ಭವಿಷ್ಯತ್ಕಾಲಕ್ಕೇ ನಿಲ್ಲಬೇಕಿತ್ತು. ಆದರೆ ಅದೇ ಕ್ರಿಯಾಪದದ ಭೂತರೂಪ ಸೇರಿ, ಲ್ಯಾಟಿನ್ನಿನಲ್ಲಿ ಪ್ರತ್ಯೇಕ ರೂಪವೇ ಇರದಿದ್ದ ಷರತ್ತಿನ ಕ್ರಿಯಾಪದಗಳೂ ಹುಟ್ಟಿದವು: ಸ್ಪ್ಯಾನಿಷ್‌ನಲ್ಲಿ ‘ಕಂತರೀಅ’, ಇಟಾಲಿಯನ್ನಿನಲ್ಲಿ ‘ಕಂತೆರೆಯ್’. ಆದ್ದರಿಂದ ಇದನ್ನು ದುರಸ್ತಿಯೆನ್ನದೆ, ಆಡುಭಾಷೆ ನಡೆಸಿದ ಹೊಸ ವ್ಯಾಕರಣಸೃಷ್ಟಿಯೆಂದೇ ಪರಿಗಣಿಸಬೇಕು.