ತಲೆಗೆ ಎಂಟು ಶಿಲಿಂಗು

ಹಳ್ಳಿಯ ಪ್ರೌಢಶಾಲೆಯಲ್ಲಿ ಮೇಷ್ಟ್ರಾಗಿರುವ ಗೆಳೆಯನೊಬ್ಬ ತನಗೆ ಬಂದ ನೋಟೀಸು ತೋರಿಸಿದ. ನಿಮ್ಮ ವಿಷಯದಲ್ಲಿ ಫಲಿತಾಂಶ ಯಾಕೆ ಕುಸಿಯಿತು, ಮೂರು ದಿನದೊಳಗೆ ಸಮಜಾಯಿಷಿ ಕೊಡಿ ಅಂತ. ಫೇಲಾದವರಲ್ಲಿ ಮೂವರು ಕೇರಿಯ ಹುಡುಗರು. ದೀಪಾವಳಿ ಮುಗೀತಲೇ ಅಪ್ಪ ಅವ್ವನ ಜೊತೆ ಕಬ್ಬು ಕಡಿಯೋಕೆ ಗುಳೆ ಹೋದವರು ಪರೀಕ್ಷೆ ಹೊತ್ತಿಗೆ ಬಂದು ಕೂತಿದ್ದರು. ಅದನ್ನು ಬರೆಯೋಕೆ ನೋಟೀಸಿನಲ್ಲಿ ಜಾಗ ಇರಲಿಲ್ಲ.

ಈ ನೋಟೀಸು ನಿನ್ನೆ ಮೊನ್ನೆ ಹುಟ್ಟಿದ್ದಲ್ಲ ಗೆಳೆಯರೇ. ಇದರ ತಾತ ಹುಟ್ಟಿದ್ದು 1862ರಲ್ಲಿ, ಇಂಗ್ಲೆಂಡಿನಲ್ಲಿ. ಬಡವರ ಮಕ್ಕಳ ಶಾಲೆಗೆ ಸರ್ಕಾರದ ದುಡ್ಡು ಜಾಸ್ತಿ ಹೋಗ್ತಿದೆ ಅನ್ನೋ ಗೊಣಗಾಟ ಆಗ ಅಲ್ಲಿ ಜೋರಾಗಿತ್ತು. ಶಿಕ್ಷಣದ ಹೊಣೆ ಹೊತ್ತಿದ್ದ ರಾಬರ್ಟ್ ಲೋ ಎಂಬಾತ ಅದಕ್ಕೊಂದು ವ್ಯಾಪಾರಿ ಉಪಾಯ ತಂದ. ಮಗು ವರ್ಷದಲ್ಲಿ ಇನ್ನೂರಕ್ಕಿಂತ ಹೆಚ್ಚು ಹಾಜರಿ ಹಾಕಿರಬೇಕು. ಆಮೇಲೆ ಇನ್‌ಸ್ಪೆಕ್ಟರ್ ಬಂದು ಓದು, ಬರಹ, ಲೆಕ್ಕ ಮೂರನ್ನೂ ಪರೀಕ್ಷೆ ಮಾಡಬೇಕು. ಮೂರರಲ್ಲೂ ಪಾಸಾದ ಒಂದು ತಲೆಗೆ ಎಂಟು ಶಿಲಿಂಗು. ಒಂದರಲ್ಲಿ ಫೇಲಾದರೆ ಎರಡು ಶಿಲಿಂಗು ಎಂಟು ಪೆನ್ನಿ ಕಡಿತ. ಮೇಷ್ಟ್ರ ಸಂಬಳ ಬರುತ್ತಿದ್ದದ್ದೂ ಈ ಗಂಟಿನಿಂದಲೇ. ಕುರಿ ಸಂತೆಯಲ್ಲಿ ಹಲ್ಲು ನೋಡಿ ಬೆಲೆ ಕಟ್ಟುತ್ತಾರಲ್ಲ, ಹಾಗೆ.

ಆಮೇಲೆ ಏನಾಯಿತು? ಏನಾಗಬೇಕಿತ್ತೋ ಅದೇ ಆಯಿತು. ಮಕ್ಕಳು ಓದುವ ಪುಸ್ತಕವನ್ನೇ ಬಾಯಿಪಾಠ ಮಾಡಿದರು. ಚರಿತ್ರೆ, ಭೂಗೋಳ ಹಿಂದೆ ಸರಿದವು. ಮ್ಯಾಥ್ಯೂ ಆರ್ನಾಲ್ಡ್ ಕವಿ ಅಂತ ನಮ್ಮ ಇಂಗ್ಲಿಷ್ ಪಾಠದಲ್ಲಿ ಬರುತ್ತಾನೆ. ಹೊಟ್ಟೆಪಾಡಿಗೆ ಅವನೂ ಶಾಲಾ ಇನ್‌ಸ್ಪೆಕ್ಟರೇ. ನಿಜವಾಗಿ ಓದೋಕೆ, ಬರೆಯೋಕೆ, ಲೆಕ್ಕ ಮಾಡೋಕೆ ಬಾರದ ಮಕ್ಕಳನ್ನೂ ಈ ಪರೀಕ್ಷೆಯಲ್ಲಿ ದಾಟಿಸಬಹುದು ಎಂದು ಆತ 1867ರಲ್ಲಿ ಸರ್ಕಾರಕ್ಕೇ ವರದಿ ಕೊಟ್ಟ. ಕೇಳಿದವರ್ಯಾರು? ಇಂಗ್ಲೆಂಡು ಈ ಪದ್ಧತಿಯನ್ನು ಪೂರ್ತಿ ಬಿಡುವಷ್ಟರಲ್ಲಿ 1890ರ ದಶಕ ಬಂದಿತ್ತು.

ಅಷ್ಟರೊಳಗೆ ಅದು ಹಡಗು ಹತ್ತಿ ಮುಂಬಯಿ, ಮದರಾಸು ಪ್ರಾಂತಗಳಿಗೂ ಬಂದಾಗಿತ್ತು. 'ಫಲಿತಾಂಶದ ಮೇಲೆ ಹಣ'. 1882ರ ಹಂಟರ್ ಆಯೋಗ ಕೂಡ ಪ್ರಾಥಮಿಕ ಶಾಲೆಗಳ ಸಹಾಯಧನ ಬಹುಮಟ್ಟಿಗೆ ಪರೀಕ್ಷೆಯ ಫಲಿತಾಂಶದ ಮೇಲೆ ನಿಲ್ಲಲಿ ಎಂದಿತು. ಹಿಂದುಳಿದ ಪ್ರದೇಶದ ಶಾಲೆಗಳಿಗೆ ಬೇರೆ ನಿಯಮ ಇರಬಹುದು ಅಂತ ಒಂದು ವಿನಾಯಿತಿಯನ್ನೂ ಬಾಲ ಅಂಟಿಸಿತು.

ಪಾಸಾದ ತಲೆ ಎಣಿಸೋದು ಸರಿ. ಶಾಲೆಯ ಹೊಸಿಲನ್ನೇ ದಾಟದ ತಲೆಗಳ ಕತೆ ಏನು? ಅದು ಗೊತ್ತಾಗಬೇಕಾದರೆ ಈ ಶಿಲಿಂಗಿನ ಲೆಕ್ಕಕ್ಕಿಂತ ಆರು ವರ್ಷ ಹಿಂದೆ, ನಮ್ಮ ಧಾರವಾಡಕ್ಕೇ ಹೋಗಬೇಕು. 1856ರ ಜೂನ್‌ನಲ್ಲಿ ಒಬ್ಬ ಮಹಾರ ಹುಡುಗ ಅಲ್ಲಿನ ಸರ್ಕಾರಿ ಶಾಲೆಗೆ ಸೇರಿಸಿಕೊಳ್ಳಿ ಅಂತ ಅರ್ಜಿ ಹಾಕಿದ. ನ್ಯಾಯವೇನೋ ಹುಡುಗನ ಕಡೆಗೇ ಇದೆ, ಆದರೆ ಅವನೊಬ್ಬನಿಗಾಗಿ ಶಾಲೆ ಉಳಿದವರಿಗೆ ಬೇಡವಾಗುತ್ತದೆ ಎಂದು ಮುಂಬಯಿ ಸರ್ಕಾರ ಕೈತೊಳೆದುಕೊಂಡಿತು. 1858ರಲ್ಲಿ ಕಂಪನಿಯ ನಿರ್ದೇಶಕರು ಸರ್ಕಾರಿ ಶಾಲೆ ಎಲ್ಲ ಜಾತಿಗೂ ತೆರೆದಿರಬೇಕು ಎಂದರು. ಕಾಗದದ ಮೇಲೆ ಬಾಗಿಲು ತೆರೆಯಿತು. ಈ ಹುಡುಗನ ಹೆಸರು ನಮ್ಮ ಶಿಕ್ಷಣ ಚರಿತ್ರೆಯ ಯಾವ ಪಾಠದಲ್ಲೂ ನಾನು ಓದಲಿಲ್ಲ. ಅಂಬೇಡ್ಕರರ ಬರಹದಲ್ಲಿ ಈ ಪ್ರಸಂಗ ಸಿಗುವ ತನಕ ಇಂಥದ್ದೊಂದು ನಡೆದಿತ್ತು ಅಂತಲೇ ನನಗೆ ಗೊತ್ತಿರಲಿಲ್ಲ.

ಹಾಗಂತ ಮೇಷ್ಟ್ರು ಯಾರಿಗೂ ಲೆಕ್ಕ ಕೊಡೋದೇ ಬೇಡ ಅಂದರೆ ನಾನು ಒಪ್ಪೋನಲ್ಲ. ನಮ್ಮ ಮಕ್ಕಳನ್ನು ಮೂಲೆಗೆ ಕೂರಿಸಿ, ಕಸ ಹೊಡೆಸಿ, ಹಾಜರಿ ಮಾತ್ರ ಸರಿಯಾಗಿ ಬರೆದ ಮೇಷ್ಟ್ರುಗಳನ್ನು ನಾವು ಕಂಡಿದ್ದೇವೆ. ಜೋತಿಬಾ ಫುಲೆ ಹಂಟರ್ ಆಯೋಗದ ಮುಂದೆ ಇಟ್ಟ ಹೇಳಿಕೆ ಇಲ್ಲಿ ಮುಖ್ಯ. ಮಹಾರ ಮಾಂಗರ ಮಕ್ಕಳು ಶಾಲೆಯಿಂದ ಹೊರಗೇ ಉಳಿದಿದ್ದಾರೆ ಎಂದರು. ಹನ್ನೆರಡು ವರ್ಷದ ತನಕ ಶಿಕ್ಷಣ ಕಡ್ಡಾಯ ಮಾಡಿ ಎಂದರು. ಇನ್‌ಸ್ಪೆಕ್ಟರ್ ವರ್ಷಕ್ಕೊಂದು ಸಲ ಬಂದು ಹೋದರೆ ಪ್ರಯೋಜನವಿಲ್ಲ, ಮೂರು ತಿಂಗಳಿಗೊಮ್ಮೆಯಾದರೂ ಬರಲಿ, ಹೇಳದೆ ಕೇಳದೆಯೂ ಬರಲಿ ಎಂದರು. ಅಂದರೆ ಫುಲೆ ಕೇಳಿದ್ದು ಇನ್ನೂ ಬಿಗಿಯಾದ ಲೆಕ್ಕ. ಬಾಗಿಲಾಚೆ ಯಾರಿದ್ದಾರೆ ಅನ್ನೋದೂ ಸೇರಿದ ಲೆಕ್ಕ. ಲೋ ಸಾಹೇಬನ ಲೆಕ್ಕ ಬಾಗಿಲೊಳಗೆ ಕೂತು ಉತ್ತರ ಹೇಳಿದವರದು ಮಾತ್ರ. ಎರಡಕ್ಕೂ ಇವತ್ತು ಒಂದೇ ಹೆಸರು ಹಚ್ಚಿ 'ಉತ್ತರದಾಯಿತ್ವ' ಅಂತಾರೆ.

1904ರ ಶಿಕ್ಷಣ ನೀತಿಯ ಹೊತ್ತಿಗೆ ಕರ್ಜನ್ ಸರ್ಕಾರವೂ ಫಲಿತಾಂಶಕ್ಕೆ ಹಣ ಕೊಡುವ ಪದ್ಧತಿಗೆ ಬೆನ್ನು ತಿರುಗಿಸಿತ್ತು. ಶಿಲಿಂಗು ಹೋಯಿತು, ಶೇಕಡಾ ಬಂತು. 2024ರ ಮಾರ್ಚ್‌ನಲ್ಲಿ ನಮ್ಮ ರಾಜ್ಯದಲ್ಲಿ ಐದು, ಎಂಟು, ಒಂಬತ್ತನೇ ತರಗತಿಗೂ ಬೋರ್ಡ್ ಪರೀಕ್ಷೆ ಹೊರಟಿತು. ಹೈಕೋರ್ಟಿನ ಒಂದು ಪೀಠ ಬೇಡ ಅಂದಿತು, ಇನ್ನೊಂದು ನಡೆಸಿ ಅಂದಿತು, ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಫಲಿತಾಂಶಕ್ಕೆ ತಡೆ ಹಾಕಿತು. ನಡುವೆ ಪುಸ್ತಕ ಹಿಡಿದು ನಿಂತಿದ್ದು ಹತ್ತು ವರ್ಷದ ಕೂಸುಗಳು. ಅದೇ ವರ್ಷ ಎಸ್ಸೆಸ್ಸೆಲ್ಸಿ ಕೊಠಡಿಗಳಿಗೆ ಕ್ಯಾಮರಾ ಹಾಕಿ ವೆಬ್‌ಕಾಸ್ಟಿಂಗ್ ಮಾಡಿದರು. 2023ರಲ್ಲಿ 83.89 ಇದ್ದ ಶೇಕಡಾ 73.40ಕ್ಕೆ ಇಳಿಯಿತು, ಅದೂ ಕೃಪಾಂಕ ಏರಿಸಿದ ಮೇಲೆ. ಅದಕ್ಕೂ ಹಿಂದಿನ ಶೇಕಡಾಗಳು ಹೇಗೆ ಬಂದವು, ಯಾರ ನೋಟೀಸಿಗೆ ಹೆದರಿ ಬಂದವು ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಗೆಳೆಯ ಸಮಜಾಯಿಷಿ ಬರೆದ. ಆ ಮೂವರು ಯಾವ ದಿನ ಊರು ಬಿಟ್ಟರು, ಯಾವ ದಿನ ಬಂದರು ಅಂತ ಹಾಜರಿ ಪುಸ್ತಕ ನೋಡಿ ತಾರೀಖಿನ ಸಮೇತ ಇಳಿಸಿದ. ಮುಖ್ಯೋಪಾಧ್ಯಾಯರು ಓದಿ, "ಇದು ಕಾರಣ ಆಗಲ್ಲಪ್ಪ, ಬೇರೆ ಬರಕೊಡು" ಅಂದರಂತೆ. ಇವನು ಅದನ್ನೇ ಕಳಿಸಿದ್ದಾನೆ.